ಬೀರುವಿನಲ್ಲಿಟ್ಟ ಮೊಬೈಲು

ಹುಡುಗರು ರಾತ್ರಿಯೆಲ್ಲ ಮೊಬೈಲು ತಿಕ್ಕಿ ಕ್ಲಾಸಿನಲ್ಲಿ ಗೊರಕೆ ಹೊಡೆಯುತ್ತಾರೆಂದು ಹಾಸ್ಟೆಲ್ ವಾರ್ಡನ್ ಹೊಸ ಕಾನೂನು ತಂದರು. ಹತ್ತು ಗಂಟೆಗೆ ಎಲ್ಲರ ಮೊಬೈಲೂ ಅವರ ಕೋಣೆಯ ಕಬ್ಬಿಣದ ಬೀರುವಿಗೆ. ಮಾದರಿಗಿರಲೆಂದು ತಮ್ಮದನ್ನೂ ಅದರಲ್ಲೇ ಇಟ್ಟರು. ಕಾನೂನು ಮುರಿದವನು ಹಾಸ್ಟೆಲ್ ಬಿಡಬೇಕು. ಮೊದಲ ರಾತ್ರಿ, ‘ತೂಕಡಿಕೆ’ ಎಂದೇ ಹೆಸರಾದ ಏಳನೇ ರೂಮಿನವನು ಕೊರಡಿನ ಹಾಗೆ ಬಿದ್ದುಕೊಂಡ. ಪಾಪ, ಅಂಥ ನಿದ್ದೆ ಕಂಡು ತಿಂಗಳುಗಳಾಗಿದ್ದವು.

ಬೆಳಿಗ್ಗೆ ತನ್ನ ಮೊಬೈಲು ಇಸಕೊಂಡು ಬಂದ ರೂಮ್‌ಮೇಟ್ ಅವನನ್ನು ಅಲುಗಾಡಿಸಿದ. “ಲೋ, ರಾತ್ರಿ ಎರಡು ಗಂಟೆಗೆ ‘ನಿದ್ದೆ ಬಂತಾ?’ ಅಂತ ಊರಿಗೆಲ್ಲ ಯಾಕೋ ಮೆಸೇಜ್ ಹಾಕಿದೀಯ?”

“ನನ್ನ ಮೊಬೈಲು ಬೀರುವಲ್ಲಿತ್ತಲ್ಲೋ!”

ಇಬ್ಬರೂ ಓಡಿದರು. ಬೀರುವಿನಲ್ಲಿ ಉಳಿದಿದ್ದು ಅವನದೊಂದೇ. ಮುಟ್ಟಿದರೆ, ಯಾರೋ ಈಗ ತಾನೇ ಕೆಳಗಿಟ್ಟ ಹಾಗೆ ಬೆಚ್ಚಗಿತ್ತು.

“ಬೀಗ ಹಾಕಿದ ಹಾಗೇ ಇತ್ತು,” ಎಂದು ವಾರ್ಡನ್ ಆಕಳಿಸಿದರು. “ಇನ್ನೊಂದು ಮೊಬೈಲು ಬಚ್ಚಿಟ್ಟು ಏನೋ ಆಟ ಆಡ್ತಿದೀಯ. ಇನ್ನೊಂದು ತಪ್ಪು ಸಿಗಲಿ, ಗಂಟುಮೂಟೆ ಕಟ್ಟು.”

ಅಡುಗೆಯವನು ಕಿವಿಯಲ್ಲಿ ಪಿಸುಗುಟ್ಟಿದ. “ಆ ಬೀರು ಆಸ್ಪತ್ರೆ ಹೆಣದ ಮನೆಯಿಂದ ಬಂದಿದ್ದು ಕಣಪ್ಪಾ. ಪಾಪ, ಅವರಿಗೂ ಹೊತ್ತು ಹೋಗ್ಬೇಕಲ್ಲ.”

ಅಂದು ರಾತ್ರಿ ಏಳನೇ ರೂಮಿನವನಿಗೆ ಕಣ್ಣು ಮುಚ್ಚಲೇ ಭಯವಾಯಿತು. ಎರಡು ಗಂಟೆಗೆ ಜೀವ ಕೈಯಲ್ಲಿ ಹಿಡಿದು, ಬರಿಗಾಲಲ್ಲಿ ವಾರ್ಡನ್ ಕೋಣೆಗೆ ಹೋದ. ಅರೆತೆರೆದ ಬಾಗಿಲಿನಿಂದ ನೀಲಿ ಬೆಳಕು ಚೆಲ್ಲಿತ್ತು.

ಬೀರುವಿನ ಮುಂದೆ ನೆಲದ ಮೇಲೆ ವಾರ್ಡನ್ ಕೂತಿದ್ದರು. ಕೈಯಲ್ಲಿ ಅವನ ಮೊಬೈಲು. ಇಡೀ ಹಾಸ್ಟೆಲಿನಲ್ಲಿ ಲಾಕಿಲ್ಲದ್ದು ಅದೊಂದೇ. ಹೆಬ್ಬೆರಳು ಮೇಲೆ ಕೆಳಗೆ ಆಡುತ್ತಿತ್ತು. ಕಣ್ಣು ಪೂರ್ತಿ ಮುಚ್ಚಿತ್ತು. ಸಣ್ಣಗೆ ಗೊರಕೆಯೂ ಕೇಳುತ್ತಿತ್ತು.

“ಸಾ... ಸಾರ್...”

ಮುಚ್ಚಿದ ಕಣ್ಣಿನ ಮುಖ ಮೆಲ್ಲಗೆ ಅವನತ್ತ ತಿರುಗಿತು. “ಏಳನೇ ರೂಮು,” ಎಂದಿತು.

ಅವನು ಓಡಿಬಂದು ಬೆಳಗಾಗುವವರೆಗೂ ಕಂಬಳಿಯೊಳಗೆ ನಡುಗಿದ.

ಬೆಳಿಗ್ಗೆ ಎಲ್ಲರೆದುರು ಕಂಡದ್ದನ್ನೆಲ್ಲ ಒದರಿಬಿಟ್ಟ. ವಾರ್ಡನ್ ಹೌಹಾರಿದರು. “ನಾನಾ? ನಾನು ಹತ್ತೂವರೆಗೆ ಮಲಗಿದವನು ಎದ್ದಿದ್ದೇ ಆರಕ್ಕೆ! ರಾತ್ರಿ ಎದ್ದಿದ್ರೆ ರೌಂಡ್ಸ್ ರಿಜಿಸ್ಟರಲ್ಲಿ ಬರೆದಿರ್ತಿದ್ದೆ. ತಗೋ, ನೋಡು!”

ರಿಜಿಸ್ಟರ್ ತೆರೆದರು. ಅವರದೇ ದುಂಡಗಿನ ಅಕ್ಷರ: ‘ಎರಡು ಗಂಟೆ ಹತ್ತು ನಿಮಿಷ. ಏಳನೇ ರೂಮಿನವನು ಹಾಸಿಗೆಯಲ್ಲಿಲ್ಲ.’

“ಇದನ್ನ ಯಾವಾಗ ಬರೆದೆ ನಾನು?” ವಾರ್ಡನ್ ಗಲ್ಲ ಕೆರೆದುಕೊಂಡರು. ಆಮೇಲೆ ಸಹಿ ಹಾಕಿದರು. “ಇರಲಿ, ಅಕ್ಷರ ನನ್ನದೇ. ನಾನು ಸುಳ್ಳು ಬರೆಯೋನಲ್ಲ. ಹಾಸಿಗೆ ಸುತ್ತು ಮಗಾ.”