ದವಡೆಯ ನರ ಮಲಗಿದ ಸಂಜೆ

ಕಳೆದ ತಿಂಗಳು ಒಂದು ಶನಿವಾರ, ಸಂಜೆ ಐದು ಗಂಟೆ ಇಪ್ಪತ್ತು ನಿಮಿಷಕ್ಕೆ ನಮ್ಮ ಮನೆಯವರು ಮಿರ್ಚಿ ಬೇಡವೆಂದರು. ಬಾಯಿಂದಲ್ಲ, ಕೈಯಿಂದ!

ಕೊಟ್ಟೂರಿನಲ್ಲಿ ಸಂಸಾರ ಮಾಡುವವರಿಗೆ ಇದರ ಗಂಭೀರತೆ ತಿಳಿದೀತು. ಅಂಗಡಿಯಿಂದ ಬಂದವರ ಮುಂದೆ ಬಿಸಿ ಮಿರ್ಚಿ ಬಜ್ಜಿ, ಒಗ್ಗರಣೆ ಮಂಡಕ್ಕಿ ಇಟ್ಟಿದ್ದೆ. ಹದಿನೆಂಟು ವರ್ಷಗಳಲ್ಲಿ ಒಮ್ಮೆಯೂ ಅವರು ಆ ತಟ್ಟೆ ದೂಡಿದವರಲ್ಲ. ಜ್ವರ ಬಂದಾಗಲೂ ಎರಡು ತಿಂದೇ ಮಲಗಿದವರು. ಮುಖ ನೋಡಿದೆ. ಬಲಗಡೆಯ ತುಟಿ ಜಾರಿತ್ತು. ಅದರ ತುದಿಯಿಂದ ಜೊಲ್ಲು ಇಳಿಯುತ್ತಿತ್ತು.

ನಾನು ಬಿ.ಎಸ್ಸಿ., ಪ್ರಾಣಿಶಾಸ್ತ್ರ. ಮಿದುಳಿನ ಚಿತ್ರ ಬರೆದು, ಬಣ್ಣ ತುಂಬಿ, ಮೇಷ್ಟ್ರಿಂದ ‘ಉತ್ತಮ’ ಅನ್ನಿಸಿಕೊಂಡವಳು. ಎಡ ಮಿದುಳು ಬಲ ಮೈಯನ್ನು ಆಳುತ್ತದೆ ಎಂಬುದು ಇಂದಿಗೂ ಬಾಯಿಪಾಠ. ಲಕ್ವ ಎಂದು ನಿರ್ಧರಿಸಲು ನಾಲ್ಕು ಸೆಕೆಂಡು ಸಾಕಾಯಿತು.

“ನಗ್ರಿ!” ಎಂದೆ. ಗಾಬರಿಯಿಂದ ನಕ್ಕರು. ಅರ್ಧ ಮುಖ ಮಾತ್ರ ನಕ್ಕಿತು.

“ಎರಡೂ ಕೈ ಎತ್ರಿ!” ಎಡಗೈ ಎತ್ತಿದರು. ಬಲಗೈ ಕೆನ್ನೆಗೆ ಕರವಸ್ತ್ರ ಒತ್ತಿಕೊಂಡೇ ಇತ್ತು.

“ನನ್ನ ಹೆಸರು ಹೇಳ್ರಿ!”

“ಊಂ... ಊಂ.”

ಮೂರು ಪರೀಕ್ಷೆ, ಮೂರರಲ್ಲೂ ನಪಾಸು! ನನ್ನ ಕಿರುಚಾಟಕ್ಕೆ ಪಕ್ಕದ ಮನೆಯ ಈರಮ್ಮ ಓಡಿ ಬಂದಳು.

“ಬಾಯಿ ತೆಗೀರಿ ಅಣ್ಣಾರ, ಬೆಳ್ಳುಳ್ಳಿ ಎಣ್ಣಿ ಹಾಕ್ತೀನಿ. ನಮ್ಮ ಮಾವಗೂ ಹಿಂಗ ಆಗಿತ್ತು.”

“ಆಮ್ಯಾಲೆ ಹೆಂಗಾದ್ರು?”

“ಹೋಗಿಬಿಟ್ರು.”

ಅವಳನ್ನು ತಡೆದೆ. ಅಷ್ಟರಲ್ಲಿ ನಮ್ಮ ಮನೆಯವರು ಗಾಳಿಯಲ್ಲಿ ಬರೆಯುವಂತೆ ಬೆರಳಾಡಿಸಿದರು.

“ಅಯ್ಯೋ ಶಾರದಕ್ಕ, ಆಸ್ತಿ ಬರಿಯಾಕ ಪೆನ್ನು ಕೇಳಾಕತ್ಯಾರ!” ಎಂದಳು ಈರಮ್ಮ. ನಾನು ಅಳುತ್ತ ಮನೆಯಲ್ಲಿದ್ದ ಎರಡೂ ಪೆನ್ನುಗಳನ್ನು ಅಕ್ಕಿ ಡಬ್ಬಿಯೊಳಗೆ ಬಚ್ಚಿಟ್ಟೆ.

ಈರಮ್ಮನ ಗಂಡ ಕೊಟ್ರೇಶಣ್ಣ ಮಂಡಕ್ಕಿ ಚೀಲ ತುಂಬಿದ್ದ ತನ್ನ ಲಗೇಜ್ ಆಟೋ ತಂದು ನಿಲ್ಲಿಸಿದ. “ಚೀಲದ ಮ್ಯಾಲೆ ಮಲಗಸ್ರಿ ಅಕ್ಕಾರ, ಇಷ್ಟು ಮೆತ್ತಗಿನ ಹಾಸಿಗಿ ಆಂಬುಲೆನ್ಸಿನಾಗೂ ಇಲ್ಲ!” ಮಲಗಿಸಿದೆವು. ಅವರು ಏಳುವುದು, ನಾನು ಒತ್ತಿ ಮಲಗಿಸುವುದು. “ಏಳಬ್ಯಾಡ್ರಿ, ನರಕ್ಕ ಭಾರ ಆಗತೈತಿ!” ಈ ವಾಕ್ಯ ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ದಾರಿಯಲ್ಲೇ ಚಿಗಟೇರಿಯ ಅತ್ತೆಗೆ ಫೋನು ಮಾಡಿ, “ನಿಮ್ಮ ಮಗನ ಎಡ ಮಿದುಳು ನಿಂತೈತ್ರಿ” ಎಂದೂ ಹೇಳಿದೆ.

ಈಗ ನಗು ಬರುತ್ತದೆ. ಆಗ ಮಾತ್ರ ಅವರ ಚಪ್ಪಲಿಯಿಲ್ಲದ ನಮ್ಮ ಹೊಸ್ತಿಲು ಕಣ್ಣ ಮುಂದೆ ಬಂದು ಬಂದು ಹೋಗುತ್ತಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಬಾಯಿಗೆ ಟಾರ್ಚು ಬಿಟ್ಟು, ಚಿಮಟದಿಂದ ಒಂದು ಕೆಂಪು ಹತ್ತಿ ಉಂಡೆ ಹೊರತೆಗೆದರು. “ಹಲ್ಲು ಯಾವಾಗ ಕೀಳಿಸಿದ್ರಿ?”

“ಐದಕ್ಕ,” ಎಂದರು ನಮ್ಮ ಮನೆಯವರು ತೊದಲುತ್ತ. “ಹತ್ತಿ ಕಚಗೊಂಡು ಒಂದು ತಾಸು ಬಾಯಿ ಬಿಡಬ್ಯಾಡ ಅಂದಿದ್ರು. ಬರದು ಹೇಳೋಣಂದ್ರ ಈಕಿ ಪೆನ್ನೂ ಕೊಡಲಿಲ್ಲ!”

ಸೂಜಿ ಕಂಡರೆ ಓಡುವ ಮನುಷ್ಯ ನನಗೆ ಹೇಳದೆ ಹಲ್ಲು ಕೀಳಿಸಿಕೊಂಡಾರೆಂದು ನಾನು ಹೇಗೆ ಊಹಿಸಲಿ?

“ಮಿದುಳು ಅರಾಮೈತಮ್ಮ,” ಎಂದರು ಡಾಕ್ಟರಮ್ಮ. “ಇಂಜೆಕ್ಷನ್‌ಗೆ ದವಡಿ ನರ ಮಲಗೈತಿ. ಎರಡು ತಾಸಿಗೆ ತಾನ ಏಳತೈತಿ.”

“ಮುಖ ಆಡಿಸೋ ಏಳನೇ ನರ ಅಲ್ಲೇನ್ರಿ?” ಮಾನ ಉಳಿಸಿಕೊಳ್ಳಲು ಕೇಳಿದೆ.

“ಐದನೇದು.”

ಅದೂ ತಪ್ಪು!

“ಲಕ್ವ ಅಂತ ಅನುಮಾನ ಬಂದ್ರ ಹಿಂಗ ಓಡಿ ಬರಬೇಕು, ಅದರಾಗ ತಪ್ಪಿಲ್ಲ. ಆದ್ರ ಪೆನ್ನು ಕೇಳಿದ್ರ ಕೊಡ್ರಿ.”

ಮನೆಗೆ ಬಂದರೆ ಅತ್ತೆ ಅತ್ತು ಕಣ್ಣು ಊದಿಸಿಕೊಂಡು ಕೂತಿದ್ದರು. ವಿಷಯ ತಿಳಿದು, “ಒಂದು ಹಲ್ಲಿನ ಸಲುವಾಗಿ ನನ್ನನ್ನ ಚಿಗಟೇರಿಯಿಂದ ಅಳಿಸಿಕೊಂತ ಕರಸಿದ್ಯಾ?” ಎಂದು ತಣ್ಣಗಾದ ಮಿರ್ಚಿಯನ್ನೆಲ್ಲ ಸಿಟ್ಟಿನಿಂದಲೇ ತಿಂದು ಮುಗಿಸಿದರು.

ಆದರೂ ನನ್ನ ನರಗಳಿಗೆ ಸಮಾಧಾನವಿಲ್ಲ. ದಿನಾ ರಾತ್ರಿ ಎರಡು ಸಲ ಅವರನ್ನು ಎಬ್ಬಿಸಿ ನಗಿಸಿ ನೋಡುತ್ತಿದ್ದೆ. ಒಂಬತ್ತು ದಿನ ಕಳೆದ ಮೇಲೆ, ಒಂದು ಸೋಮವಾರ, ಬಿಸಿಲು ಬರುವ ತನಕ ನಿದ್ದೆ ಮಾಡಿದೆ.

ಎದ್ದಾಗ ಅವರು ಚಹಾ ಹಿಡಿದು ನಿಂತಿದ್ದರು. “ರಾತ್ರಿ ನಿನ್ನ ಬಾಯಿ ಸೊಟ್ಟಾಗಿತ್ತು. ಜೊಲ್ಲು ಬೇರೆ ಸುರೀತಿತ್ತು. ಕರದ್ರ ಊಂ ಊಂ ಅಂದಿ.”

“ಅಯ್ಯೋ! ಮತ್ತ ನೀವೇನು ಮಾಡಿದ್ರಿ?”

“ನಾ ಬಿ.ಎಸ್ಸಿ. ಓದಿಲ್ಲ ನೋಡು. ನಿನಗ ಕೌದಿ ಹೊಚ್ಚಿ ಮಲಗಿದೆ.”