ನಾಲ್ಕೂರಿನ ಹೆಪ್ಪು

ಊರೂರು ತಿರುಗಿ ಪ್ರವಚನ ಹೇಳುವವನ ಮನೆಯಲ್ಲಿ, ಅವನೊಬ್ಬನದು ಬಿಟ್ಟು ಉಳಿದೆಲ್ಲರ ಮಾತೂ ನಡೆಯುತ್ತದೆ (ಕೈಲಾಸದಲ್ಲೂ ಹೀಗೆಯೇ ಇದ್ದೀತು). ಆದರೂ ಆ ದಿನ ನಾನು ಹೊಸಪೇಟೆಯ ದವಾಖಾನೆಯಿಂದ ಪರಮಾಶ್ಚರ್ಯವೊಂದನ್ನು ಹೊತ್ತು ಮರಳಿದ್ದೆ.

ನನ್ನ ಮೊಮ್ಮಗಳು ಪೂಜಿತಾಳಿಗೆ ಆಟಿಸಂ. ಮಾತು ವಿರಳ, ಊಟವೆಂದರೆ ಅಜ್ಜಿ ಹೆಪ್ಪು ಹಾಕಿದ ಮೊಸರಿನ ಅನ್ನವೊಂದೇ. ಕರುಳಿನಲ್ಲಿ ವಾಸಿಸುವ ಕೋಟ್ಯನುಕೋಟಿ ಸೂಕ್ಷ್ಮಜೀವಿಗಳು ಮಿದುಳಿನ ಬೆಳವಣಿಗೆಯ ಮೇಲೂ, ಪ್ರಾಯಶಃ ಆಟಿಸಂ ಮೇಲೂ ಪ್ರಭಾವ ಬೀರುತ್ತಿರಬಹುದೆಂದು ಡಾಕ್ಟರಮ್ಮ ಹೇಳಿದಾಗ ನನಗೆ ರೋಮಾಂಚನವಾಯಿತು. ಬರೀ ಹೊಟ್ಟೆಯೆಂದು ನಾವು ತಿಳಿದದ್ದು ಕಣ್ಣಿಗೆ ಕಾಣದ ಶರಣಸಂಕುಲದ ಮಹಾಮಠ! "ಇನ್ನೂ ಸಂಶೋಧನೆ ನಡದೈತ್ರಿ. ಮನ್ಯಾಗ ಏನೂ ಪ್ರಯೋಗ ಮಾಡಬ್ಯಾಡ್ರಿ" ಎಂದೂ ಅವರು ಸೇರಿಸಿದರಂತೆ. (ಅಷ್ಟರಲ್ಲಿ ನಾನು ಕಣ್ಮುಚ್ಚಿ ಕೈಮುಗಿದಿದ್ದೆ.)

ಮರುದಿನವೇ ಸಂಡೂರು, ಬುಕ್ಕಸಾಗರ, ಮಲಪನಗುಡಿಯ ಭಕ್ತರ ಮನೆಗಳಿಂದ ಹೆಪ್ಪು ಬೇಡಿ ತಂದೆ. ಧರ್ಮಪತ್ನಿ ಮರುಳಸಿದ್ದಮ್ಮ ತವರೂರು ಕಂಪ್ಲಿಯಿಂದ ತಂದು, ಮದುವೆಯಾದಂದಿನಿಂದ ಕೆಡದಂತೆ ಕಾಪಾಡಿದ ಹೆಪ್ಪಿನ ಗಡಿಗೆಗೆ ಅಷ್ಟನ್ನೂ ಸುರಿದು ಪಂಚಾಕ್ಷರಿ ಜಪಿಸಿದೆ.

ಬೆಳಗಾದಾಗ ಮೊಸರು ಲೋಳೆಲೋಳೆಯಾಗಿತ್ತು. ಪೂಜಿತಾ ಮೂಸಿ ತಟ್ಟೆ ಸರಿಸಿದಳು. ಮಧ್ಯಾಹ್ನವೂ ಸರಿಸಿದಳು. ಹಸಿದ ಕೂಸು ಗೋಡೆಯ ಕಡೆ ಮುಖ ಮಾಡಿ ಕುಳಿತಿತು.

"ರೀ, ನನ್ನ ಹೆಪ್ಪಿಗೆ ಏನ್ ಮಾಡೀರಿ?"

"ಜೀವಿಗಳ ಬಳಗ ದೊಡ್ಡದು ಮಾಡೀನಿ."

"ಬಳಗ! ನಿಮ್ಮ ಅಕ್ಕ-ತಂಗ್ಯಾರು ಬಂದಾಗೂ ನನ್ನ ಅಡಿಗಿಮನಿ ಹಿಂಗ ಆಗ್ತಿತ್ತು!"

ದವಾಖಾನೆಗೆ ಜೊತೆಗೆ ಬಂದಿದ್ದ ಸೊಸೆ ಹೇಮಾ ಕಣ್ಣೊರೆಸಿಕೊಂಡಳು. "ಮಾವಾರ, ಡಾಕ್ಟರು ಬ್ಯಾಡ ಅಂದಿದ್ದು ಕೇಳಿಸ್ಲಿಲ್ಲೇನ್ರಿ?"

"ಅದ್ಭುತ ಕೇಳಿಸ್ತವ್ವಾ. ಬ್ಯಾಡ ಕೇಳಿಸ್ಲಿಲ್ಲ."

"ಜಲ್ದಿ ಕಂಪ್ಲಿ ಬಸ್ ಹತ್ರಿ!" ಎಂದಳು ಧರ್ಮಪತ್ನಿ. "ನಮ್ಮ ತವರುಮನಿ ಹೆಪ್ಪು ತರ್ರಿ. ದಾರ್ಯಾಗ ಯಾರಿಗೂ ಪ್ರವಚನ ಹೇಳಬ್ಯಾಡ್ರಿ, ಮೊಸರು ಹುಳಿ ಆಗತೈತಿ."

ಕಂಪ್ಲಿಯಲ್ಲಿ ನಾದಿನಿ ಉಚ್ಚಂಗೆಮ್ಮ ನಕ್ಕೂ ನಕ್ಕೂ ಹೆಪ್ಪಿನ ಜೊತೆಗೆ ಒಂದು ಡಬ್ಬಿ ಗಟ್ಟಿ ಮೊಸರು ಕೊಟ್ಟಳು. ಬಸ್ಸಿನ ಪ್ರತಿ ಕುಲುಕಿಗೂ ಡಬ್ಬಿಯನ್ನು ಎದೆಗೊತ್ತಿ, ಮೌನವ್ರತದಲ್ಲಿ ಮರಳಿದೆ.

ಅಡುಗೆಮನೆಯಲ್ಲಿ ತಟ್ಟೆಯ ಮುಂದೆ ಕುಳಿತ ಪೂಜಿತಾ ಮೂಸಿದಳು. ಒಂದು ತುತ್ತು, ಮತ್ತೊಂದು, ತಟ್ಟೆ ಬರಿದಾಯಿತು. ಹೊಟ್ಟೆಯೊಳಗಿನ ಕೋಟಿ ಜೀವಿಗಳು ಆಶ್ಚರ್ಯವೇ ಸರಿ. ಆದರೆ ಕಂಪ್ಲಿಯ ಒಂದು ಮನೆಯ ಮೊಸರನ್ನು ಮೂಗಿನಲ್ಲೇ ಗುರುತಿಸಿದ ಈ ಕೂಸಿನ ಮುಂದೆ ನನ್ನ ಪಾಂಡಿತ್ಯವೆಲ್ಲ ತಲೆಬಾಗಿತು.

ಆಗ, ಯಾರ ಕೈಯನ್ನೂ ತಾನಾಗಿ ಮುಟ್ಟದ ಪೂಜಿತಾ ಎದ್ದು ಬಂದು ನನ್ನ ಕಿರುಬೆರಳು ಹಿಡಿದಳು.

"ನೋಡ್ರಿ, ಶಿವಕೃಪೆ!" ಎಂದು ನಾನು ಎಲ್ಲರಿಗೂ ತೋರಿಸಿದೆ.

ಮೊಮ್ಮಗಳು ನನ್ನನ್ನು ಮೆಲ್ಲನೆ ನಡೆಸಿಕೊಂಡು ಹೋಗಿ ಹೊಸ್ತಿಲಾಚೆ ನಿಲ್ಲಿಸಿ, ತಾನು ಒಳಗೆ ಹೋಗಿ, ಅಡುಗೆಮನೆಯ ಚಿಲಕ ಹಾಕಿಕೊಂಡಳು.