ಕೂರಲಾರದ ವೀರ

ಪರ್ಶಿಯದವರ ಹಡಗುಗಳು ಬಂದ ದಾರಿ ಹಿಡಿದು ಹೊರಟುಹೋದ ಮೇಲೆ ಅಥೆನ್ಸಿನ ಕುಂಬಾರಗೇರಿಗೆ ಹೋದ ಜೀವ ಬಂದಂತಾಯಿತು. ಎಲ್ಲ ಮನೆಗಳಲ್ಲೂ ಗಂಡಸರು ಕಾಲು ಚಾಚಿ ಕೂತು, ಮಾರಥಾನ್ ಬಯಲಿನಲ್ಲಿ ತಾವು ಕಡಿದದ್ದನ್ನೂ ಕಡಿಯದೆ ಬಿಟ್ಟದ್ದನ್ನೂ ಕೊಚ್ಚಿಕೊಳ್ಳುತ್ತಿದ್ದರು. ಡೆಕ್ಸಿಯಾಸ್ ಒಬ್ಬ ಮಾತ್ರ ನಿಂತಿದ್ದ. ಅವನಿಗೆ ಕೂರಲು ಆಗುತ್ತಿರಲಿಲ್ಲ.

ಬೆಳಗಿನ ರೊಟ್ಟಿಯನ್ನು ದ್ರಾಕ್ಷಾರಸದಲ್ಲಿ ಅದ್ದಿ ಅವನು ನಿಂತೇ ತಿಂದ. ಹೆಂಡತಿ ಮೆಲಿಟ್ಟಾ ಮಣೆ ತಂದು ಹಾಕಿದಳು.

"ಕೂತ್ಕೊಳ್ರೀ. ಕುದುರೆ ಥರ ನಿಂತ್ಕೊಂಡು ಮೇಯ್ತಿದ್ದೀರಲ್ಲ."

"ಯುದ್ಧದಲ್ಲಿ ಅಭ್ಯಾಸ ಆಗ್ಬಿಟ್ಟಿದೆ ಕಣೇ."

"ಬೋರಲು ಮಲಗೋದೂ ಅಲ್ಲೇ ಅಭ್ಯಾಸ ಆಯ್ತಾ?"

ಡೆಕ್ಸಿಯಾಸ್ ಬಾಯಲ್ಲಿದ್ದ ಆಲಿವ್ ಕಾಯಿಯನ್ನು ಬೀಜದ ಸಮೇತ ನುಂಗಿದ.

ಗಾಯ ಇದ್ದದ್ದು ಬಲಗಡೆಯ ಕುಂಡಿಯ ಮೇಲೆ. ಅದಕ್ಕೆ ಪೊದೆಯ ಮರೆಯಲ್ಲಿ ನಿಂತು ತಾನೇ ಬಟ್ಟೆ ಕಟ್ಟಿಕೊಂಡಿದ್ದ. ಊರಿನಲ್ಲಿ ಎದೆಯ ಗಾಯವನ್ನು ಗಂಡಸರು ಒಡವೆಯ ಹಾಗೆ ತೋರಿಸಿಕೊಂಡು ಓಡಾಡುತ್ತಿದ್ದರು. ಬೆನ್ನಿನ ಕಡೆ ಗಾಯವಾದರೆ ಅದಕ್ಕೆ ಇದ್ದದ್ದು ಒಂದೇ ಅರ್ಥ: ಓಡಿಹೋದವನು. ಬೆನ್ನಿಗೇ ಹೀಗಾದರೆ ಬೆನ್ನಿಗಿಂತ ಕೆಳಗಿನದ್ದಕ್ಕೆ ಏನನ್ನುತ್ತಾರೋ!

ನಿಜ ಹೇಳಬೇಕೆಂದರೆ ಅವನು ಓಡಿಹೋಗಿರಲಿಲ್ಲ. ಆದರೆ ನಿಜವೂ ಹೇಳಿಕೊಳ್ಳುವಂಥದ್ದಾಗಿರಲಿಲ್ಲ. ಎಲ್ಲರೂ ಶತ್ರುವಿನ ಮೇಲೆ ಏರಿ ಓಡುತ್ತಿದ್ದಾಗ ಎದುರಿನಿಂದ ಬಾಣಗಳು ಮಿಡತೆಯ ಹಿಂಡಿನ ಹಾಗೆ ಎದ್ದವು. ಡೆಕ್ಸಿಯಾಸನ ಕಾಲು ಅಲ್ಲೇ ನಾಟಿಕೊಂಡಿತು. ಮುಂದಕ್ಕೂ ಬರಲಿಲ್ಲ, ಹಿಂದಕ್ಕೂ ಹೋಗಲಿಲ್ಲ. ಹಿಂದಿನ ಸಾಲಿನಲ್ಲಿ ಓಡಿಬರುತ್ತಿದ್ದವನು ಪಕ್ಕದ ಮನೆಯ ಅರ್ಖಿನೋಸ್. ಹೂಜಿಗಳ ಮೇಲೆ ಯುದ್ಧದ ಚಿತ್ರ ಬರೆಯುವುದರಲ್ಲಿ ಎತ್ತಿದ ಕೈಯಾದ ಅವನು, ನಿಜವಾದ ಯುದ್ಧ ಎದುರಾದಾಗ ಈಟಿ ಚಾಚಿ ಕಣ್ಣು ಮುಚ್ಚಿಕೊಂಡಿದ್ದ.

ಓಡಿಹೋಗಲಿಲ್ಲ ಎನ್ನಬೇಕಾದರೆ ಹೆದರಿ ನಿಂತೆ ಎನ್ನಬೇಕು. ಯಾವ ಅವಮಾನ ಹಗುರ ಎಂದು ತೂಗಿ ತೂಗಿ ಡೆಕ್ಸಿಯಾಸ್ ಸೋತಿದ್ದ.

ಕೆಲಸದಲ್ಲಾದರೂ ಮುಖ ಮರೆಸಿಕೊಳ್ಳೋಣವೆಂದು ಗಡಿಗೆ ಮಾಡುವ ತಿಗರಿಯ ಮುಂದೆ ಹೋದ. ತಿಗರಿ ನೆಲದ ಮಟ್ಟಕ್ಕಿತ್ತು, ಅವನು ಮೇಲೆ ನಿಂತಿದ್ದ. ಕೊಕ್ಕರೆಯ ಹಾಗೆ ಬಗ್ಗಿ ಗಡಿಗೆ ಎತ್ತಿದರೆ ಅದು ಕುಡಿದವನಂತೆ ಒಂದು ಕಡೆ ವಾಲಿತು. ಅಷ್ಟರಲ್ಲಿ ಬಾಗಿಲಿಗೆ ನಿಕೋನ್ ಅಜ್ಜ ಬಂದ. ಹಲ್ಲು ಹೋಗಿತ್ತು, ಕೆಲಸ ಹೋಗಿತ್ತು, ಕೇರಿಯ ಸಮಾಚಾರವೊಂದೇ ಅವನಿಗೆ ಉಳಿದ ಆಹಾರ.

"ಏನಪ್ಪಾ, ಗಡಿಗೆ ಕಾಲಿಗೆ ಬೀಳ್ತಿದ್ದೀಯಾ? ನಡಿ, ಗರಡಿಗೆ ಹೋಗೋಣ. ದಳಪತಿಗಳು ಬರ್ತಾರಂತೆ. ಗಾಯ ಆದೋರ್ನೆಲ್ಲ ನೋಡಿ, ಹಾರ ಹಾಕಿ, ರಾತ್ರಿ ಹಬ್ಬದೂಟದಲ್ಲಿ ಒಳ್ಳೆ ತೊಡೆ ಮಾಂಸ ಕೊಡಿಸ್ತಾರಂತೆ."

"ನಂಗೇನೂ ಗಾಯ ಆಗಿಲ್ಲಜ್ಜ. ಮಾಂಸಾನೂ ಬೇಡ."

"ಗಾಯ ಇಲ್ದಿದ್ರೆ ನುಣ್ಣಗಿರೋ ಮೈ ತೋರ್ಸಿ ಬಾ! ನಮ್ಮ ಕೇರಿಯವರು ಒಬ್ರೂ ಕಮ್ಮಿ ಆಗ್ಬಾರ್ದು, ನಡಿ ನಡಿ," ಎನ್ನುತ್ತ ಅಜ್ಜ ಕೋಲಿನಿಂದ ಹಿಂದೊಂದು ತಟ್ಟಿದ. ತಟ್ಟಿದ್ದು ಸರಿಯಾಗಿ ಅಲ್ಲಿಗೇ. ಡೆಕ್ಸಿಯಾಸ್ ಒಂದೇ ನೆಗೆತಕ್ಕೆ ಹೊಸ್ತಿಲು ದಾಟಿ ಬೀದಿಯಲ್ಲಿದ್ದ.

"ಅಬ್ಬಬ್ಬಾ, ಹುಮ್ಮಸ್ಸು ನೋಡು!" ಎಂದ ಅಜ್ಜ.

ಗರಡಿಯಲ್ಲಿ ಎಲ್ಲರೂ ಬಟ್ಟೆ ಬಿಚ್ಚಿ, ಮೈಗೆ ಎಣ್ಣೆ ಸವರಿಕೊಂಡು ಬಿಸಿಲಿನಲ್ಲಿ ಕಂಚಿನ ವಿಗ್ರಹಗಳಂತೆ ಮಿಂಚುತ್ತಿದ್ದರು. ಒಬ್ಬ ಭುಜ ತೋರಿಸುತ್ತಿದ್ದ, ಮತ್ತೊಬ್ಬ ಹೊಟ್ಟೆ. ಬೆಕ್ಕು ಪರಚಿದಂಥ ಗೀರನ್ನು ಇನ್ನೊಬ್ಬ ಕತ್ತಿಯೇಟೆಂದು ವಾದಿಸುತ್ತಿದ್ದ. ಉಣ್ಣೆಯ ಹೊದಿಕೆಯನ್ನು ಮೈತುಂಬ ಸುತ್ತಿಕೊಂಡಿದ್ದವನು ಡೆಕ್ಸಿಯಾಸ್ ಒಬ್ಬನೇ.

"ಯಾಕಣ್ಣಾ ಹೊದಿಕೆ?" ಎಂದ ಪಕ್ಕದಲ್ಲಿದ್ದವನು.

"ಚಳಿ."

"ಚಳೀನಾ? ಗೋಡೆ ಮೇಲಿನ ಹಲ್ಲಿ ಕೂಡ ನೆರಳು ಹುಡುಕ್ತಿದೆ!"

ಮೂಲೆಯಲ್ಲಿ ಅರ್ಖಿನೋಸ್ ನಿಂತಿದ್ದ. ಇಬ್ಬರ ಕಣ್ಣೂ ಒಂದು ಕ್ಷಣ ಕೂಡಿದವು. ಅರ್ಖಿನೋಸ್ ಗಡಿಬಿಡಿಯಲ್ಲಿ ಗೋಡೆಯ ಕಡೆ ತಿರುಗಿ, ಮೈಯ ಎಣ್ಣೆ ಕೆರೆಯುವ ಕೊಕ್ಕೆಯಿಂದ ಗೋಡೆಯ ಸುಣ್ಣ ಕೆರೆಯತೊಡಗಿದ.

ದಳಪತಿ ಫಿಲಾಗ್ರೋಸ್ ಬಂದು ಕಲ್ಲಿನ ಜಗಲಿಯ ಮೇಲೆ ಕೂತ. ಎತ್ತಿನಂಥ ಆಳು, ಎತ್ತಿನಂಥದೇ ಕಂಠ. ಬೆವರು ಸುರಿಸುತ್ತ ನಿಂತಿದ್ದ ಡೆಕ್ಸಿಯಾಸನನ್ನು ಕಂಡು, "ಬಾರಯ್ಯ, ಕೂತ್ಕೋ," ಎಂದ.

"ಬೇಡಿ ಸ್ವಾಮಿ. ದೊಡ್ಡೋರ ಮುಂದೆ ಕೂರೋದುಂಟೇ?"

ಈ ವಿನಯಕ್ಕೆ ಫಿಲಾಗ್ರೋಸ್ ಕರಗಿಹೋದ. "ನೋಡಿ, ನೋಡಿ ಕಲೀರಿ!" ಎಂದವನೇ ಡೆಕ್ಸಿಯಾಸನ ಕೈ ಹಿಡಿದು ಎಳೆದು, ಕಾದ ಕಲ್ಲಿನ ಮೇಲೆ ಧೊಪ್ಪೆಂದು ಕೂರಿಸಿಯೇಬಿಟ್ಟ.

ಡೆಕ್ಸಿಯಾಸ್ ಎಷ್ಟು ವೇಗವಾಗಿ ಕೂತನೋ ಅದರ ಎರಡರಷ್ಟು ವೇಗದಲ್ಲಿ ಎದ್ದ. ಹೊದಿಕೆ ಮಾತ್ರ ಏಳಲಿಲ್ಲ. ಅದರ ತುದಿ ದಳಪತಿಯ ಕಾಲಡಿಯಲ್ಲಿತ್ತು. ಗಾಯದ ಬಟ್ಟೆಯೂ ಅದರ ಜೊತೆಗೇ ಕಳಚಿ ಬಿತ್ತು.

ಮೊದಲು ಬಾಯಿ ಬಿಟ್ಟವನು ನಿಕೋನ್ ಅಜ್ಜ.

"ಅಯ್ಯಯ್ಯೋ! ಬೆನ್ನು ತೋರಿಸ್ದೋರ್ನ ಕಂಡಿದ್ದೆ. ಇವ್ನು ಇನ್ನೂ ಕೆಳಗಿಂದು ತೋರ್ಸಿ ಬಂದಿದ್ದಾನಲ್ಲಪ್ಪಾ!"

"ಪರ್ಶಿಯದೋರಿಗೂ ಗುರಿ ಚೆನ್ನಾಗೇ ಸಿಕ್ಕಿದೆ," ಎಂದ ಮತ್ತೊಬ್ಬ.

ಯಾರೋ ನಕ್ಕರು. ಆದರೆ ಪಕ್ಕದಲ್ಲಿದ್ದವರು ಒಂದೊಂದೇ ಹೆಜ್ಜೆ ಆಚೆ ಸರಿದರು. ಆ ಸರಿದದ್ದು ನಕ್ಕಿದ್ದಕ್ಕಿಂತ ಹೆಚ್ಚು ಚುಚ್ಚಿತು. ಬಯಲಿನಲ್ಲಿ ಸತ್ತು ಮಲಗಿದ್ದವರ ಅಣ್ಣತಮ್ಮಂದಿರೂ ಆ ಗುಂಪಿನಲ್ಲಿದ್ದರು. ಅವರ ಮುಖ ನೋಡಲು ಡೆಕ್ಸಿಯಾಸನಿಗೆ ಧೈರ್ಯವಾಗಲಿಲ್ಲ. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ನುಂಗಲಿಲ್ಲ. ಬರಿಮೈಯಲ್ಲಿ ತಲೆ ತಗ್ಗಿಸಿ ನಿಂತ.

"ನಾನು ಓಡಿಹೋಗ್ಲಿಲ್ಲ," ಎಂದ. "ನಿಂತ್ಬಿಟ್ಟೆ. ಬಾಣ ನೋಡಿ ಹೆದ್ರಿಕೆ ಆಯ್ತು. ಕಾಲು ಬರ್ಲಿಲ್ಲ. ಅದಕ್ಕಿಂತ ದೊಡ್ಡದು ಮುಚ್ಚಿಟ್ಕೊಳ್ಳೋದು ನನ್ನ ಹತ್ರ ಏನೂ ಇಲ್ಲ."

"ಹಾಗಾದ್ರೆ ಚುಚ್ಚಿದ್ದು ಯಾರು?" ಫಿಲಾಗ್ರೋಸ್ ಗುಡುಗಿದ.

ಮೂಲೆಯಲ್ಲಿ ಸುಣ್ಣ ಕೆರೆಯುವ ಸದ್ದು ನಿಂತಿತು.

"ನಂದು, ಸ್ವಾಮಿ. ಈಟಿ ನಂದು," ಎಂದು ಅರ್ಖಿನೋಸ್ ಗೋಡೆಗೇ ಹೇಳಿದ. ಆಮೇಲೆ ಇತ್ತ ತಿರುಗಿದ. "ನಾನು ಕಣ್ಣು ಮುಚ್ಕೊಂಡಿದ್ದೆ. ಇವ್ನು ಕಿರುಚಿದ್ಮೇಲೇ ಕಣ್ಣು ಬಿಟ್ಟಿದ್ದು."

ದಳಪತಿ ಮೆಲ್ಲನೆ ಎದ್ದು ನಿಂತ. "ಕಿರುಚಿದ್ನಾ? ತಡಿ. ಆ ಕೂಗು... ಆ ಕೂಗು ನಿಂದೇನಯ್ಯಾ?"

"ಕ್ಷಮಿಸಿ ಸ್ವಾಮಿ."

"ಕ್ಷಮಿಸೋದಾ! ಬಾಣ ಬಂದಾಗ ನಿಂತೋನು ನೀನೊಬ್ನೇ ಅಂದ್ಕೊಂಡ್ಯಾ? ನಮ್ಮ ಸಾಲಿಗೆ ಸಾಲೇ ನಿಧಾನ ಆಗ್ಬಿಟ್ಟಿತ್ತು. ನನ್ನ ಕಾಲೂ ಭಾರ ಆಗಿತ್ತು, ಈಗ ಹೇಳ್ತೀನಿ. ಅಷ್ಟರಲ್ಲಿ ಯಾವ್ದೋ ದೇವ್ರು ಕೂಗಿದ ಹಾಗೆ ಒಂದು ಕೂಗು! ನೋಡಿದ್ರೆ ಒಬ್ಬ ಬೆಂಕಿ ತಗುಲಿದೋನ ಥರ ಶತ್ರು ಮೇಲೆ ನುಗ್ತಿದ್ದಾನೆ. ಅವನ ಹಿಂದೆ ನಾವೆಲ್ಲ ನುಗ್ಗಿದ್ವಿ. ಆ ವೀರ ಯಾರು ಅಂತ ಹುಡುಕ್ಕೊಂಡೇ ಕಣಯ್ಯಾ ನಾನಿಲ್ಲಿಗೆ ಬಂದಿದ್ದು!"

ಗರಡಿಯಲ್ಲಿ ಜಯಕಾರ ಎದ್ದಿತು. ದೂರ ಸರಿದವರೆಲ್ಲ ಮೇಲೆ ಬಿದ್ದು ಅಪ್ಪಿಕೊಂಡರು. ನಿಕೋನ್ ಅಜ್ಜ, "ನಾನು ಮೊದ್ಲೇ ಹೇಳ್ಲಿಲ್ವಾ?" ಎಂದು ಕಣ್ಣೊರೆಸಿಕೊಂಡ.

"ಅದು ವೀರತನ ಅಲ್ಲ ಸ್ವಾಮಿ, ನೋವು," ಎಂದು ಡೆಕ್ಸಿಯಾಸ್ ಗೋಗರೆದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ತಲೆಗೆ ಹಾರ ಬಿತ್ತು. ಬೈಗುಳಕ್ಕೆ ಬಗ್ಗಿದ ತಲೆ ಹೊಗಳಿಕೆಗೆ ಇನ್ನಷ್ಟು ಬಗ್ಗಿತು.

"ಪರ್ಶಿಯದೋರು ಮತ್ತೆ ಬಂದೇ ಬರ್ತಾರೆ," ದಳಪತಿ ಕೈ ಎತ್ತಿ ಸಾರಿದ. "ಬಂದಾಗ ಡೆಕ್ಸಿಯಾಸ್ ಎಲ್ಲರಿಗಿಂತ ಮುಂದಿನ ಸಾಲಲ್ಲಿ, ನಟ್ಟ ನಡುವೆ! ಅರ್ಖಿನೋಸ್, ನೀನು ಅವನ ಬೆನ್ನಿಗೇ ಇರ್ಬೇಕು. ಅವನು ನಿಂತ ಅಂದ್ರೆ ನಿನ್ನ ಕೆಲಸ ಏನು ಅಂತ ಗೊತ್ತಲ್ಲ?"

"ಗೊತ್ತು ಸ್ವಾಮಿ."

ಸಂಜೆ ಇಬ್ಬರೂ ಕೇರಿಯ ದಾರಿ ಹಿಡಿದರು. ಡೆಕ್ಸಿಯಾಸ್ ಕುಂಟುತ್ತಿದ್ದ. ಎದುರಾದವರೆಲ್ಲ ದಾರಿ ಬಿಟ್ಟು ಕೈಯೆತ್ತುತ್ತಿದ್ದರು. ಅವನು ನೆಲ ನೋಡುತ್ತ ನಡೆದ. ಮನೆ ಹತ್ತಿರವಾದಾಗ ಅರ್ಖಿನೋಸ್ ಅವನ ತೋಳು ಮುಟ್ಟಿದ. ಕಣ್ಣು ತುಂಬಿತ್ತು.

"ನನ್ನಿಂದ ನಿಂಗೆ ಅನ್ಯಾಯ ಆಯ್ತು ಕಣೋ. ಮುಂದಿನ ಸಲ ಖಂಡಿತ ಹಾಗೆ ಮಾಡಲ್ಲ."

"ನಿಜವಾಗ್ಲೂ?"

"ನಿನ್ನಾಣೆ. ಮುಂದಿನ ಸಲ ಎಡಗಡೆ."